ಕಾಲು ಮುಂದಾಗಿ ಹುಟ್ಟಿದವಳು

ನಾನು ಹುಟ್ಟುವಾಗ ತಲೆಗಿಂತ ಮೊದಲು ಕಾಲು ಬಂತಂತೆ. ಅಮ್ಮ ಒಂದೂವರೆ ದಿನ ನರಳಿದಳಂತೆ, ಸೂಲಗಿತ್ತಿ ಕೈಚೆಲ್ಲಿ ಕೂತಿದ್ದಳಂತೆ. ಮಂಡ್ಯದ ಕಡೆಯ ನಮ್ಮ ಹಳ್ಳಿಯಲ್ಲಿ ಹೀಗೆ ಹುಟ್ಟಿದವರಿಗೆ ಒಂದು ಕೆಲಸ ತಾನಾಗಿ ಅಂಟಿಕೊಳ್ಳುತ್ತೆ. ಸೊಂಟ ಹಿಡಿದುಕೊಂಡವರು, ಕಾಲು ಉಳುಕಿಸಿಕೊಂಡವರು ನಮ್ಮ ಹತ್ತಿರ ಬಂದು ತುಳಿಸಿಕೊಂಡು ಹೋಗುತ್ತಾರೆ. ಎಡಗಾಲಲ್ಲಿ ಮೂರು ಸಲ, ಮೆತ್ತಗೆ, ಅಷ್ಟೆ. ಯಾಕೆ ವಾಸಿಯಾಗುತ್ತೆ ಅಂತ ನನ್ನನ್ನ ಕೇಳಬೇಡಿ. ನಾನು ಬಿ.ಎಸ್ಸಿ. ಓದಿದವಳು, ಹೇಳೋಕೆ ನನಗೇ ನಾಚಿಕೆ. ಆದರೆ ಊರಿನ ಪಟೇಲರು ನಮ್ಮ ಜಗಲಿ ಮೇಲೆ ಬೋರಲು ಮಲಗಿ, ಐದು ವರ್ಷದ ನನ್ನ ಪಾದಕ್ಕೆ ಕಾದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ನಮ್ಮಜ್ಜಿ ಇದರಲ್ಲಿ ಬಲು ಕಟ್ಟುನಿಟ್ಟು. ಯಾರಿಂದಲೂ ಏನೂ ಇಸಕೊಳ್ಳಬಾರದು, ಒಂದು ಬಾಳೆಹಣ್ಣು ಕೂಡ. ತುಳಿದಾದ ಮೇಲೆ ಅದೇ ಜಾಗವನ್ನ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು, ಯಾಕೆಂದರೆ ಒಬ್ಬರಿಗೆ ಕಾಲು ತಾಗಿಸೋದು ತಪ್ಪು, ಅವರೇ ಕೇಳಿಕೊಂಡರೂ ತಪ್ಪು. ಇವೆರಡನ್ನೂ ಮೀರಿದ ಇನ್ನೊಂದು ಮಾತಿತ್ತು. ಅದನ್ನ ಹೇಳುವಾಗ ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಳ್ಳುತ್ತಿದ್ದಳು. “ಊದಿರೋ ಜಾಗಕ್ಕೆ ಕಾಲಿಡಬ್ಯಾಡ ಮಗಾ. ಊದೈತೆ ಅಂದ್ರೆ ಒಳಗೇನೋ ಹರಿದೈತೆ, ಇಲ್ಲಾ ಮುರಿದೈತೆ. ಅದು ಡಾಕ್ಟ್ರ ಕೆಲಸ, ನಿಂದಲ್ಲ.” ಊದಿದ ಕಾಲು ಎಳೆದುಕೊಂಡು ಬಂದವರನ್ನ ಜಗಲಿ ಹತ್ತೋಕೂ ಬಿಡದೆ ಆಸ್ಪತ್ರೆಗೆ ಓಡಿಸುತ್ತಿದ್ದಳು. ಆ ಮಾತನ್ನ ನಾನು ಜೀವಮಾನದಲ್ಲಿ ಒಂದೇ ಸಲ ಮೀರಿದ್ದೀನಿ. ಅದೂ ಪರದೇಶದಲ್ಲಿ, ಹೇವರ್ಡ್ ಅನ್ನೋ ಊರಿನಲ್ಲಿ, ಜಮೈಕಾದವನೊಬ್ಬನ ಮೊಣಕಾಲಿನ ಮೇಲೆ.

ಡಾಟ್‌ಕಾಮ್ ಕಾಲ ಅದು. ನಮ್ಮನೆಯವರು ಬೆಳಿಗ್ಗೆ ಏಳಕ್ಕೆ ಫ್ರೀವೇ ಹಿಡಿದು ಪ್ಲೆಸೆಂಟನ್ನಿನ ಆಫೀಸಿಗೆ ಹೋದರೆ ಬರುತ್ತಿದ್ದದ್ದು ಕತ್ತಲಾದ ಮೇಲೆ. ಊರಲ್ಲಿ ಮೂರು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ನಾನು, ಅವರ ವೀಸಾಕ್ಕೆ ಬಾಲ ಕಟ್ಟಿಕೊಂಡು ಬಂದಿದ್ದರಿಂದ ಕೆಲಸಕ್ಕೆ ಹೋಗುವ ಹಾಗಿರಲಿಲ್ಲ. ವಾರಾಂತ್ಯದಲ್ಲಿ ಕನ್ನಡದವರ ಮನೆಗಳಲ್ಲಿ ಊಟಕ್ಕೆ ಸೇರುತ್ತಿದ್ದೆವು. ಗಂಡಸರ ಬಾಯಲ್ಲಿ ಬರೀ ಷೇರು, ಆಪ್ಷನ್ನು. ಹೆಂಗಸರು ನನ್ನ ಕಡೆ ತಿರುಗಿ “ಮನೇಲೇನಾ?” ಅನ್ನುತ್ತಿದ್ದರು. ಹೂಂ ಕಣಮ್ಮ, ಮನೇಲೇ. ಆ ಒಂದು ಪ್ರಶ್ನೆಗೆ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

ನಮ್ಮದು ಮರದ ಕಟ್ಟಡ, ಮೇಲೆ ಸೂಜಿ ಬಿದ್ದರೂ ಕೆಳಗೆ ಕೇಳಿಸೋದು. ನಮ್ಮ ತಲೆ ಮೇಲಿನ ಅಪಾರ್ಟ್‌ಮೆಂಟಿನಲ್ಲಿ ಅವನಿದ್ದ. ಅವನನ್ನ ನಾವು ಮನೆಯಲ್ಲಿ ಕರೆಯುತ್ತಿದ್ದದ್ದೇ ಮೇಲ್ಮನೆಯವನು ಅಂತ. ಮಧ್ಯಾಹ್ನ ಒಂದಕ್ಕೆಲ್ಲ ವಾಪಸು ಬರುತ್ತಿದ್ದ, ಎರಡು ಗಂಟೆಗೆ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತಿದ್ದ. ದೊಡ್ಡ ಆಳು, ಆದರೆ ಬೆಕ್ಕಿನ ಹೆಜ್ಜೆ. ಕೆಲಸವಿಲ್ಲದ ಪಡ್ಡೆ ಅಂದುಕೊಂಡಿದ್ದೆ, ನನ್ನಂಥವಳೇ ಹಾಗೆ ಅಂದುಕೊಂಡೆ ನೋಡಿ!

ಒಂದು ದಿನ ಬಟ್ಟೆ ಒಗೆದು ತರುವಾಗ ಅವನು ಮೆಟ್ಟಿಲ ಮಧ್ಯೆ ಬಗ್ಗಿ ನಿಂತುಬಿಟ್ಟಿದ್ದ. ಕೈಯಲ್ಲಿ ನೀರಿನ ಕ್ಯಾನು, ಹಣೆ ಮೇಲೆ ಬೆವರು. ಮೇಲಕ್ಕೂ ಹೋಗಲಾರ, ಕೆಳಕ್ಕೂ ಇಳಿಯಲಾರ. ಸೊಂಟ ಹಿಡಿದುಕೊಂಡಿದೆ ಅಂತ ನನಗೆ ನೋಡಿದ ತಕ್ಷಣ ಗೊತ್ತಾಯಿತು. ಏನು ದೆವ್ವ ಮೈಮೇಲೆ ಬಂತೋ, ನನ್ನ ಹರಕು ಇಂಗ್ಲಿಷಿನಲ್ಲಿ “ಬ್ರದರ್, ಮಲಗು, ನಾನು ತುಳೀತೀನಿ” ಅಂದೆ. ಬೇರೆ ಯಾರಾದರೂ ಆಗಿದ್ದರೆ ಪೊಲೀಸರಿಗೆ ಫೋನು ಮಾಡುತ್ತಿದ್ದರು. ಅವನು ಎರಡೇ ಕ್ಷಣ ನನ್ನ ಮುಖ ನೋಡಿ, ಹಾಗೇ ಕೂತು ಮೆಲ್ಲಗೆ ಒಂದೊಂದೇ ಮೆಟ್ಟಿಲು ಜಾರಿ ಇಳಿದು, ಕಾರಿಡಾರಿನ ಕಾರ್ಪೆಟ್ಟಿನ ಮೇಲೆ ಬೋರಲಾಗಿ ಮಲಗಿಬಿಟ್ಟ. ಮೂರು ಸಲ ತುಳಿದೆ. ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಎದ್ದು ಕೂತ, ಮೈ ತಿರುಗಿಸಿ ನೋಡಿಕೊಂಡ, ಹಲ್ಲೆಲ್ಲ ಬಿಟ್ಟು ನಕ್ಕ.

“ನಮ್ಮಜ್ಜಿ ಊರಲ್ಲೂ ಹೀಗೆ ಉಜ್ಜೋ ಮುದುಕಿ ಒಬ್ಬಳಿದ್ದಳು,” ಅಂದ. “ನೀನು ಕಣ್ಣಿಗೆ ಒತ್ತಿಕೊಂಡೆಯಲ್ಲ, ಅದೇನು?”

ಹೇಳಿದೆ. ಅವತ್ತಿನಿಂದ ನಾನು ಅವನಿಗೆ ಸಿಸ್ಟರ್ ಆದೆ, ವಾರ ಕಳೆಯೋದರೊಳಗೆ ಅದು ಸವೆದು ಸಿಸ್ ಆಯಿತು.

ಅವನ ಕೆಲಸ ಸಾಕರ್ ಆಡೋದು. ನಾವು ಫುಟ್‌ಬಾಲ್ ಅನ್ನೋದನ್ನೇ ಅಲ್ಲಿ ಹಾಗನ್ನೋದು. ಎರಡನೇ ದರ್ಜೆಯ ಒಂದು ತಂಡ, ಕಾಲೇಜೊಂದರ ಮೈದಾನದಲ್ಲಿ ಶನಿವಾರ ಮಧ್ಯಾಹ್ನ ಆಟ. ಅದರಲ್ಲಿ ಅವನು ಫಾರ್ವರ್ಡು, ಅಂದರೆ ಗೋಲು ಹೊಡೆಯಬೇಕಾದವನು. “ಹಿಂದೆ ಆಡೋರು ತೊಂಬತ್ತು ನಿಮಿಷ ದುಡೀಬೇಕು ಸಿಸ್. ನನ್ನ ಕೆಲಸ ಎರಡು ಸೆಕೆಂಡಿನದು. ಆದರೆ ಆ ಎರಡು ಸೆಕೆಂಡು ಕಾಲು ಹೇಳಿದ ಮಾತು ಕೇಳಬೇಕು,” ಅನ್ನುತ್ತಿದ್ದ. ಹದಿನೆಂಟಕ್ಕೆ ಮನೆ ಬಿಟ್ಟವನು. ಬೆಲ್ಜಿಯಮ್ಮಿನ ಯಾವುದೋ ಸಣ್ಣ ಊರಿನಲ್ಲಿ ಒಂದು ಚಳಿಗಾಲ, ಟ್ರಿನಿಡಾಡಿನಲ್ಲಿ ಎರಡು ವರ್ಷ, ಫಿನ್‌ಲ್ಯಾಂಡಿನಲ್ಲಿ ಹಿಮ ಗುಡಿಸಿ ಆಡಿದ್ದು, ಈಗ ಇಲ್ಲಿ. ಎಲ್ಲಾ ಕಡೆಯೂ ಹೊರಗಿನವನೇ. ಗೋಲು ಹೊಡೆದರೆ ಹೆಗಲ ಮೇಲೆ, ಎರಡು ವಾರ ಹೊಡೆಯದಿದ್ದರೆ ಸೂಟ್‌ಕೇಸು ಕೈಗೆ. ಇಷ್ಟು ದೇಶದ ಅಂಗಿ ಹಾಕಿದವನು ತನ್ನ ದೇಶದ ಅಂಗಿ ಮಾತ್ರ ಒಂದು ಸಲವೂ ಹಾಕಿರಲಿಲ್ಲ. ಆಗ ಅವನಿಗೆ ಇಪ್ಪತ್ತೊಂಬತ್ತು. ಮೂವತ್ತು ದಾಟಿದ ಫಾರ್ವರ್ಡನ್ನ ಯಾರೂ ಕರೆಯಲ್ಲ ಅಂತ ಅವನೇ ಹೇಳಿದ್ದ. ಒಂದೇ ಒಂದು ಸಲ ಆ ಅಂಗಿಯಲ್ಲಿ ಆಡಬೇಕು, ಅಮ್ಮ ರೇಡಿಯೋದಲ್ಲಿ ತನ್ನ ಹೆಸರು ಕೇಳಬೇಕು. ಅವನ ಆಸೆ ಅಷ್ಟೇ ಇದ್ದದ್ದು.

ನಾನು ಹುಣಸೆಹಣ್ಣಿನ ಗೊಜ್ಜು ಕೊಟ್ಟರೆ ಬೆರಳು ನೆಕ್ಕುತ್ತಿದ್ದ. ನಮಗೂ ಹುಣಸೆ ಇದೆ, ಮಾವಿದೆ, ತೆಂಗಿದೆ, ಕ್ರಿಕೆಟ್ಟಿದೆ, ದೆವ್ವವೂ ಇದೆ ಅನ್ನುತ್ತಿದ್ದ. ಅವರ ಕಡೆ ದೆವ್ವಕ್ಕೆ ಡಪ್ಪಿ ಅನ್ನುತ್ತಾರೆ. ಸತ್ತವರು ಮಾತ್ರ ಡಪ್ಪಿ ಆಗೋದಂತೆ. “ಬದುಕಿರೋರು ಆಗಲ್ವಾ?” ಅಂತ ತಮಾಷೆಗೆ ಕೇಳಿದ್ದೆ. “ಬದುಕಿರೋರು ಫೋನು ಮಾಡ್ತಾರೆ ಸಿಸ್,” ಅಂದು ನಕ್ಕಿದ್ದ.

ಮುಂದಿನ ವಾರ ಮೀನಖಂಡ ಹಿಡಿದುಕೊಂಡಿದೆ ಅಂತ ಬಂದ. ತುಳಿದೆ. ಶನಿವಾರ ಎರಡು ಗೋಲು ಹೊಡೆದ. ಅದರ ಮುಂದಿನ ವಾರ ಏನೂ ನೋವಿಲ್ಲದಿದ್ದರೂ ಬಂದು ಕಾಲು ಚಾಚಿದ. ಆಮೇಲೆ ಅದೇ ಪದ್ಧತಿಯಾಯಿತು. ಪ್ರತಿ ಶುಕ್ರವಾರ ಎರಡು ಗಂಟೆಗೆ ಬಾಗಿಲು ತಟ್ಟುತ್ತಿದ್ದ, ಬಾಗಿಲು ತೆರೆದಿಟ್ಟೇ ನಾನು ಮೂರು ಸಲ ತುಳಿಯುತ್ತಿದ್ದೆ. ಮೈದಾನಕ್ಕೆ ಇಳಿಯುವ ಮುಂಚೆ ಅವನೂ ನನ್ನ ಹಾಗೆ ಹುಲ್ಲು ಮುಟ್ಟಿ ಎರಡು ಕಣ್ಣಿಗೂ ಒತ್ತಿಕೊಳ್ಳೋಕೆ ಶುರು ಮಾಡಿದ. ಹುಲ್ಲಿಗೆ ಬೂಟುಗಾಲು ಇಡ್ತೀನಲ್ಲ, ನಿಮ್ಮಜ್ಜಿ ಲೆಕ್ಕದಲ್ಲಿ ಅದೂ ತಪ್ಪೇ ಅಂದ. ಆ ಸೀಸನ್ನಿನಲ್ಲಿ ಹನ್ನೊಂದು ಗೋಲು ಹೊಡೆದ. ತಂಡದವರಿಗೆಲ್ಲ ಕೆಳಮನೆಯ ಸಿಸ್ಟರ ಕಾಲಿನ ಮಹಿಮೆ ಅಂತ ಹೇಳಿಕೊಂಡು ತಿರುಗಿದ. ನಮ್ಮನೆಯವರು “ಏನೇ, ನಿಂಗೂ ಸ್ಟಾಕ್ ಆಪ್ಷನ್ ಕೊಡ್ತಾರಂತಾ?” ಅಂತ ಚುಡಾಯಿಸುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೇ ಎಷ್ಟು ಉಬ್ಬಿಹೋಗಿದ್ದೆ ಅಂದರೆ, ವಾರವೆಲ್ಲ ಶುಕ್ರವಾರಕ್ಕೆ ಕಾಯುತ್ತಿದ್ದೆ. ಹೊಗಳಿ ಅಟ್ಟಕ್ಕೇರಿಸಿದರೆ ಏಣಿ ತೆಗೆದದ್ದು ಗೊತ್ತಾಗಲ್ಲ, ನೋಡಿ.

ಆಗಸ್ಟಿನಲ್ಲಿ ಸುದ್ದಿ ಬಂತು. ಅವನ ದೇಶದ ತಂಡಕ್ಕೆ ಆಟಗಾರರನ್ನ ಆರಿಸುವವರು ಅವನ ಆಟ ನೋಡೋಕೆ ಶನಿವಾರ ಬರುತ್ತಾರಂತೆ. ಮೆಟ್ಟಿಲನ್ನ ಮೂರು ಮೂರು ಹಾರಿ ಇಳಿದು ಬಂದು ಹೇಳಿದ. ನಾನು ಶಾವಿಗೆ ಪಾಯಸ ಮಾಡಿದೆ.

ಆ ವಾರದ ಬುಧವಾರವೇ ತಲೆಮೇಲಿನ ಹೆಜ್ಜೆ ಬದಲಾಯಿತು. ಒಂದು ಗಟ್ಟಿ ಹೆಜ್ಜೆ, ಆಮೇಲೆ ಒಂದು ಎಳೆದ ಹೆಜ್ಜೆ. ನಾನು ಒಗ್ಗರಣೆ ಹಾಕುತ್ತಾ ನಿಂತವಳು ಸೌಟು ಹಿಡಿದೇ ಚಾವಣಿ ನೋಡಿದೆ. ಶುಕ್ರವಾರ ಎರಡು ಗಂಟೆಗೆ ಬಾಗಿಲು ತಟ್ಟಿದ. ಬಂದವನು ಸೋಫಾದ ಮೇಲೆ ಕೂತು ಪ್ಯಾಂಟು ಮೇಲಕ್ಕೆ ಸರಿಸಿ, ಐಸಿನ ಬದಲಿಗೆ ಬಲ ಮೊಣಕಾಲಿಗೆ ಕಟ್ಟಿದ್ದ, ಫ್ರೀಜರಿನಲ್ಲಿಟ್ಟ ಬಟಾಣಿಯ ಚೀಲ ಬಿಚ್ಚಿದ. ಮೊಣಕಾಲು ಊದಿತ್ತು. ಚಿಪ್ಪೇ ಕಾಣದ ಹಾಗೆ ಊದಿತ್ತು.

“ಡಾಕ್ಟರಿಗೆ ತೋರಿಸಿದೆಯಾ?” ಅಂದೆ.

“ತೋರಿಸಿದರೆ ನಾಳೆ ಆಡಿಸಲ್ಲ ಸಿಸ್. ಅಭ್ಯಾಸದಲ್ಲಿ ಸ್ವಲ್ಪ ತಿರುಚಿದೆ, ಅಷ್ಟೆ. ಯಾರಿಗೂ ಹೇಳಿಲ್ಲ. ನೀನು ತುಳಿದರೆ ಸರಿಹೋಗುತ್ತೆ.”

ಅಜ್ಜಿಯ ಮಾತು ನೆನಪಾಗಲಿಲ್ಲ ಅಂತ ಸುಳ್ಳು ಹೇಳಲಾರೆ. ಗಲ್ಲದ ಮೇಲೆ ಅವಳ ಬೆರಳೇ ಆಡಿದ ಹಾಗಾಯಿತು. ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು, ಇದು ನನ್ನ ಕೆಲಸ ಅಲ್ಲ ಬ್ರದರ್ ಅಂತ. ಹೇಳಿದ್ದರೆ ಏನಾಗುತ್ತಿತ್ತು? ಅವನು ಬೇಜಾರಾಗಿ ಮೇಲೆ ಹೋಗುತ್ತಿದ್ದ. ಬಹುಶಃ ಡಾಕ್ಟರ ಹತ್ತಿರ ಹೋಗುತ್ತಿದ್ದ, ಬಹುಶಃ ಇಲ್ಲ. ಆದರೆ ಅವತ್ತು ನಾನು ಅವನ ಕಾಲಿನ ಬಗ್ಗೆ ಯೋಚನೆ ಮಾಡಲಿಲ್ಲ ಕಂಡ್ರೀ. ನನ್ನ ಕೈಲಾಗಲ್ಲ ಅಂದರೆ ಸೋಮವಾರದಿಂದ ನಾನು ಮತ್ತೆ “ಮನೇಲೇನಾ?” ಅನ್ನಿಸಿಕೊಳ್ಳುವವಳು. ಆ ಯೋಚನೆ ಮಾಡಿದೆ.

“ಕಾಲು ಚಾಚು,” ಅಂದೆ.

ಮೊದಲನೇ ಸಲ ಪಾದ ಇಟ್ಟಾಗ, ಅಷ್ಟು ತಣ್ಣನೆಯ ಚೀಲ ಕಟ್ಟಿದ್ದರೂ ಬಿಸಿಯಾಗಿತ್ತು. ಎರಡನೇ ಸಲಕ್ಕೆ ಅವನು ಹಲ್ಲು ಕಚ್ಚಿದ. ಮೂರನೇ ಸಲ ಒತ್ತಿದಾಗ ನನ್ನ ಅಂಗಾಲಿನ ಕೆಳಗೆ ಏನೋ ಜಾರಿತು. ಸಣ್ಣಗೆ, ನೆನೆಸಿದ ಹುಣಸೆಹಣ್ಣನ್ನ ಕಿವುಚುವಾಗ ಒಳಗಿನ ಬೀಜ ಜಾರುತ್ತಲ್ಲ, ಹಾಗೆ. ಸದ್ದಿಲ್ಲ ಏನಿಲ್ಲ. ಅದು ನನಗೆ ಗೊತ್ತಾಯಿತು. ಅವನಿಗೆ ಗೊತ್ತಾಯಿತೋ ಇಲ್ಲವೋ, ಮುಖ ಎತ್ತಿ ನನ್ನ ನೋಡಿದ.

“ಗುಡ್?” ಅಂದ.

“ಗುಡ್,” ಅಂದೆ.

ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವನು ಎದ್ದು ಎರಡು ಹೆಜ್ಜೆ ನಡೆದು, ಈಗ ಹಗುರ ಆಯಿತು ಅಂದ. ನಂಬಿಕೆ ಇದ್ದವರಿಗೆ ಹಗುರವಾಗೇ ಆಗುತ್ತೆ.

ಶನಿವಾರ ನಾನೂ ನಮ್ಮನೆಯವರೂ ಮೈದಾನಕ್ಕೆ ಹೋದೆವು. ಬಿಸಿಲು, ಸಮುದ್ರದ ಕೊಲ್ಲಿ ಕಡೆಯಿಂದ ಗಾಳಿ, ಕಬ್ಬಿಣದ ಬೆಂಚುಗಳ ಮೇಲೆ ನೂರಿನ್ನೂರು ಜನ. ತಂಡ ಓಡಿ ಬರುವಾಗ ತರಬೇತಿಯವರು ಅವನ ಬೆನ್ನು ತಟ್ಟಿ ಏನೋ ಹೇಳುತ್ತಾ ಜೊತೆಗೇ ಓಡಿಸಿಕೊಂಡು ಬಂದರು. ಅವನು ಹುಲ್ಲು ಮುಟ್ಟಲಿಲ್ಲ. ಮರೆತ. ಮೊದಲರ್ಧ ಚೆನ್ನಾಗೇ ಆಡಿದ. ಎರಡನೇ ಅರ್ಧದಲ್ಲಿ ಚೆಂಡು ಎತ್ತರದಿಂದ ಅವನ ಮುಂದೆ ಬಿತ್ತು, ಎದುರಿಗೆ ಗೋಲ್‌ಕೀಪರೊಬ್ಬನೇ. ಅವನು ಹೇಳುತ್ತಿದ್ದ ಎರಡು ಸೆಕೆಂಡು ಅದೇ. ಬಲಗಾಲು ಊರಿ ತಿರುಗಿದ, ಹಾಗೇ ಕುಸಿದ. ಕಡಿದ ಬಾಳೆಗಿಡ ಬಿದ್ದ ಹಾಗೆ ಬಿದ್ದ. ಅವನ ಸುತ್ತ ಯಾರೂ ಇರಲಿಲ್ಲ.

“ಯಾರೂ ಮುಟ್ಟಲೇ ಇಲ್ವಲ್ಲೇ! ತಾನಾಗೇ ಬಿದ್ನಲ್ಲ!” ಅಂತ ನಮ್ಮನೆಯವರು ಎದ್ದು ನಿಂತರು.

ನಾನು ಚಪ್ಪಲಿಯೊಳಗೆ ಎಡಪಾದ ಮುದುರಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತಲ್ಲ, ಹಾಗೆ.

ಆರು ದಿನ ಬಿಟ್ಟು ಊರುಗೋಲಿನಲ್ಲಿ ಮೆಟ್ಟಿಲಿಳಿದು ಬಂದ. ಮೊಣಕಾಲೊಳಗಿನ ಲಿಗಮೆಂಟು ಪೂರ್ತಿ ಹರಿದಿದೆಯಂತೆ, ಆಪರೇಷನ್ ಆದರೂ ಹಿಂದಿನ ಹಾಗೆ ತಿರುಗೋಕೆ ಆಗೋದು ಅನುಮಾನವಂತೆ. ಆ ವರ್ಷಕ್ಕೆ ತಂಡದ ಜೊತೆಗಿನ ಒಪ್ಪಂದವೂ ಮುಗಿಯುತ್ತಿತ್ತು. ಆರಿಸೋಕೆ ಬಂದಿದ್ದವರು ಇನ್ನೊಂದು ತಂಡದ ಇನ್ನೊಬ್ಬನನ್ನ ಆರಿಸಿಕೊಂಡು ಹೋದರು. “ಮೊದಲೇ ನೋವಿತ್ತಾ ಅಂತ ಡಾಕ್ಟರು ಕೇಳಿದರು. ಇಲ್ಲ ಅಂದೆ. ನಿನ್ನ ವಿಷಯ ಎತ್ತಲಿಲ್ಲ ಸಿಸ್, ಹೆದರಬೇಡ,” ಅಂದ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ತಲೆ ತಗ್ಗಿಸಿ ಹೇಳಿದ. “ತಪ್ಪು ನಂದೇ. ಅವತ್ತು ಹುಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು ಮರೆತೆ. ನೀನು ಮಾಡಬೇಕಾದ್ದು ನೀನು ಮಾಡಿದ್ದೆ. ನಾನು ಮರೆತೆ.”

ನಾನು ಅಲ್ಲ ಅನ್ನಲಿಲ್ಲ. ಆ ತಪ್ಪನ್ನ ಅವನ ಹೆಗಲ ಮೇಲೇ ಬಿಟ್ಟು, “ಕಾಫಿ ಕುಡೀತೀಯಾ?” ಅಂತ ಕೇಳಿದೆ. ಥೂ ನನ್ನ ಜನ್ಮಕ್ಕೆ! ಅವನು ಕುಡಿದು, ಲೋಟ ತೊಳೆದಿಟ್ಟು ಹೋದ. ಡಿಸೆಂಬರಿನಲ್ಲಿ ಊರಿಗೆ ಹೊರಟ. ಟ್ಯಾಕ್ಸಿ ಹತ್ತುವಾಗ ಪಟ್ಟಿ ಕಟ್ಟಿದ್ದ ಕಾಲನ್ನ ಮುಂದೆ ಚಾಚಿ “ಒಂದು ಸಲ, ಪ್ರಯಾಣಕ್ಕೆ,” ಅಂತ ನಕ್ಕ. ನನ್ನ ಕಾಲು ಮೇಲಕ್ಕೇ ಏಳಲಿಲ್ಲ. ಬಗ್ಗಿ ಕೈಯಲ್ಲಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ಅವನಿಗೆ ಅದೇ ಸಾಕಾಯಿತು.

ಅಷ್ಟು ಹೊತ್ತಿಗೆ ಡಾಟ್‌ಕಾಮಿನ ಗಾಳಿ ಇಳಿದಿತ್ತು. ದಿನಕ್ಕೊಂದು ಮನೆಯ ಸಾಮಾನು ಬಾಡಿಗೆ ಲಾರಿ ಹತ್ತುತ್ತಿತ್ತು, ಮೇಲ್ಮನೆಗೆ ಯಾರೂ ಬರಲಿಲ್ಲ. ಜನವರಿಯಲ್ಲಿ ಒಂದು ಮಧ್ಯಾಹ್ನ, ಸರಿಯಾಗಿ ಎರಡು ಗಂಟೆಗೆ, ಮೇಲೆ ಹೆಜ್ಜೆ ಕೇಳಿಸಿತು. ಒಂದು ಗಟ್ಟಿ, ಒಂದು ಎಳೆದದ್ದು. ಈ ಗೋಡೆಯಿಂದ ಆ ಗೋಡೆಗೆ. ಪೈಪು ಇರಬೇಕು ಅಂದುಕೊಂಡೆ. ಮಾರನೇ ದಿನವೂ ಬಂತು. ನಾಲ್ಕನೇ ದಿನ ಕಟ್ಟಡದ ಮ್ಯಾನೇಜರಮ್ಮನನ್ನ ಕಾಡಿ ಬೇಡಿ ಬೀಗ ತೆಗೆಸಿ ಹೋಗಿ ನೋಡಿದೆ. ಖಾಲಿ. ಕಾರ್ಪೆಟ್ಟಿನ ಮೇಲೆ ಮಂಚದ ಕಾಲಿನ ನಾಲ್ಕು ಗುಳಿ, ಗೋಡೆಯಿಂದ ಗೋಡೆಗೆ ಸವೆದ ದಾರಿ. ಅಷ್ಟೆ ಇದ್ದದ್ದು. “ಇಲಿ ಇದೆಯಾ ಮೇಡಂ?” ಅಂದಳು ಆಕೆ. ಹೂಂ ಅಂದೆ.

ಸತ್ತವರು ಮಾತ್ರ ಡಪ್ಪಿ ಆಗೋದು ಅಂದಿದ್ದ. ಅವನು ಬದುಕಿದ್ದ. ಸತ್ತದ್ದು ಏನು ಅಂತ ನನಗೆ ಗೊತ್ತಿತ್ತು. ಆ ಮನೆ ಬಿಡೋವರೆಗೂ ಎರಡು ಗಂಟೆಗೆ ನಾನು ಒಳಗೆ ಇರುತ್ತಿರಲಿಲ್ಲ, ಬಿಸಿಲಿರಲಿ ಮಳೆಯಿರಲಿ ಹೊರಗೆ ಹೋಗಿ ಬಸ್ ಸ್ಟಾಪಿನ ಬೆಂಚಿನ ಮೇಲೆ ಕೂತು ಬರುತ್ತಿದ್ದೆ.

ಮುಂದೆ ನಮಗೊಬ್ಬಳು ಮಗಳು ಹುಟ್ಟಿದಳು, ನಾವು ಸ್ಯಾನ್ ರಮೋನಿಗೆ ಹೋದೆವು. ಅಲ್ಲಿಯ ಮಕ್ಕಳಿಗೆಲ್ಲ ಸಾಕರ್ ಹುಚ್ಚು, ಇವಳಿಗೂ ಹತ್ತಿಕೊಂಡಿತು. ಒಮ್ಮೆ ಪಾದ ಉಳುಕಿಸಿಕೊಂಡು ಬಂದು, ಅವರಪ್ಪ ಯಾವಾಗಲೋ ಹೇಳಿದ್ದ ಕಥೆ ನೆನಪಿಟ್ಟುಕೊಂಡು, “ಅಮ್ಮಾ, ಜಸ್ಟ್ ಸ್ಟೆಪ್ ಆನ್ ಇಟ್!” ಅಂದಳು. ಊತ ಇರಲಿಲ್ಲ, ಬರೀ ಉಳುಕು. ಆದರೂ ಹೋಗೇ ಆಚೆ ಅಂತ ಎಷ್ಟು ಜೋರಾಗಿ ಗದರಿದೆ ಅಂದರೆ ಮಗು ಅತ್ತೇಬಿಟ್ಟಿತು. ಮೈದಾನದ ಆ ಶನಿವಾರದಿಂದ ಈಚೆಗೆ ನಾನು ಯಾರ ಮೇಲೂ ಕಾಲಿಟ್ಟಿಲ್ಲ. ಆದರೆ ಹುಣಸೆಹಣ್ಣು ಕಿವುಚುವಾಗೆಲ್ಲ ಬೀಜ ಜಾರೋದು ಕೈಗೆ, ಜುಮ್ಮೆನ್ನೋದು ಎಡ ಅಂಗಾಲು.

ಇಷ್ಟು ವರ್ಷ ಮೇಲ್ಮನೆಯವನ ಕಾಗದವಿಲ್ಲ, ಸುದ್ದಿಯಿಲ್ಲ. ಹೋದ ವರ್ಷ ನಮ್ಮನೆಯವರ ಹಳೇ ಇಮೇಲಿಗೆ ಒಂದು ಸಾಲು ಬಂತು, ಸಿಸ್‌ಳ ನಂಬರು ಬೇಕು ಅಂತ. ಒಂದು ಭಾನುವಾರ ಬೆಳಿಗ್ಗೆ ದೋಸೆ ಹುಯ್ಯುವಾಗ ಫೋನು ಬಂತು. ಒಲೆ ಆರಿಸಿ ಎತ್ತಿಕೊಂಡೆ.

ಅದೇ ದನಿ, ಅದೇ ನಗು. ಊರಲ್ಲಿ ಶಾಲೆಯ ಹುಡುಗರಿಗೆ ಆಟ ಕಲಿಸುತ್ತಾನಂತೆ. ಲೇಟಾಗಿ ಮದುವೆಯಂತೆ. “ಸಿಸ್, ನನಗೊಬ್ಬಳು ಮಗಳು, ಐದು ವರ್ಷ. ಹೇಗೆ ಹುಟ್ಟಿದಳು ಗೊತ್ತಾ? ಕಾಲು ಮುಂದಾಗಿ! ನರ್ಸು ಗಾಬರಿಯಾಗಿದ್ದಳು, ನಾನು ಹೊರಗೆ ಕುಣೀತಿದ್ದೆ. ಈಗ ಊರವರೆಲ್ಲ ಬೆನ್ನು ಹಿಡಿದುಕೊಂಡು ನಮ್ಮ ಮನೆಗೇ ಬರ್ತಾರೆ.” ಹಿಂದೆ ಕೋಳಿ ಕೂಗುತ್ತಿತ್ತು, ಮಗು ಏನೋ ಹಾಡಿಕೊಳ್ಳುತ್ತಿತ್ತು. “ನನ್ನ ಮೊಣಕಾಲಿಗೂ ಭಾನುವಾರ ಭಾನುವಾರ ಅವಳೇ. ಅದಕ್ಕೇ ಫೋನು ಮಾಡಿದೆ. ನಿಮ್ಮಜ್ಜಿಯ ನಿಯಮ ಎಲ್ಲ ಸರಿಯಾಗಿ ಕಲಿಸಬೇಕು. ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳೋದು ಕಲಿಸಿದ್ದೀನಿ. ಅದನ್ನ ಮರೆತು ನಾನು ಏನು ಕಳಕೊಂಡೆ ಅಂತಾನೂ ಹೇಳಿದ್ದೀನಿ. ಇನ್ನೇನಿದೆ? ಪೆನ್ನು ಹಿಡಿದಿದ್ದೀನಿ, ಹೇಳು.”

“ಯಾರಿಂದಲೂ ಏನೂ ಇಸಕೊಳ್ಳಬಾರದು,” ಅಂದೆ.

“ಸರಿ. ಆಮೇಲೆ?”

ಇಷ್ಟೇ ಅಂದುಬಿಡಬಹುದಾಗಿತ್ತು. ನಾಲಿಗೆ ತುದಿಗೇ ಬಂದಿತ್ತು. ಅಷ್ಟರಲ್ಲಿ ಆ ಮಗು ಯಾವುದಕ್ಕೋ ಕಿಲಕಿಲ ನಕ್ಕಿತು.

“ಊದಿರೋ ಜಾಗಕ್ಕೆ ಕಾಲಿಡಬಾರದು,” ಅಂದೆ. “ಊದಿದೆ ಅಂದರೆ ಒಳಗೆ ಏನೋ ಹರಿದಿದೆ ಅಂತ. ಅವರನ್ನ ಡಾಕ್ಟರ ಹತ್ತಿರ ಕಳಿಸಬೇಕು.”

ಕೋಳಿ ಇನ್ನೊಂದು ಸಲ ಕೂಗಿತು.

“ಇದನ್ನ ನಿಮ್ಮಜ್ಜಿ ನಿನಗೆ ಯಾವಾಗ ಹೇಳಿದ್ದು?” ಅಂತ ಕೇಳಿದ.

“ನಾನು ಐದು ವರ್ಷದವಳಿದ್ದಾಗ.”

ಫೋನನ್ನ ಎಲ್ಲೋ ಮೇಜಿನ ಮೇಲೆ ಇಟ್ಟ ಸದ್ದಾಯಿತು. ಆಮೇಲೆ ಹೆಜ್ಜೆ ಕೇಳಿಸಿತು. ಒಂದು ಗಟ್ಟಿ, ಒಂದು ಎಳೆದದ್ದು. ಒಂದು ಗೋಡೆಯವರೆಗೆ ಹೋಗಿ ತಿರುಗಿ ಬಂತು, ಮತ್ತೆ ಹೋಯಿತು, ಮತ್ತೆ ಬಂತು. ನಾನು ಕಿವಿಗೆ ಒತ್ತಿಕೊಂಡು ಕೇಳುತ್ತಾ ನಿಂತಿದ್ದೆ. ಕೊನೆಗೆ ಫೋನು ಕೈಗೆತ್ತಿಕೊಂಡ.

“ಬರೆದುಕೊಂಡೆ,” ಅಂದ. ಸಿಸ್ ಅನ್ನಲಿಲ್ಲ.